ಮಚ್ಚೆ ತೆಗೆಯಲು ಸುಣ್ಣ, ದಾರ, ಪೆನ್ನು, ಪಾರ್ಲರು, ಡಾಕ್ಟರು: ಯಾವುದಕ್ಕೆ ಯಾವುದು?

ಮಚ್ಚೆ ತೆಗೆಯುವುದು ಹೇಗೆ ಎಂದು ಕೇಳುವವರ ಕಷ್ಟ ಹೆಚ್ಚುಕಡಿಮೆ ಒಂದೇ ಬಗೆಯದು. ಮೂಗಿನ ಪಕ್ಕದಲ್ಲಿ ಒಂದು ಕಪ್ಪು ಉಬ್ಬು, ಕುತ್ತಿಗೆಯಲ್ಲಿ ಕರಿಮಣಿಗೆ ಸಿಕ್ಕಿ ಎಳೆಯುವ ಒಂದು ತುಣುಕು, ಗಡ್ಡ ಬೋಳಿಸುವಾಗೆಲ್ಲ ರಕ್ತ ಬರುವ ಒಂದು ಗುಳ್ಳೆ. ಅಜ್ಜಿ ಸುಣ್ಣ ಹಚ್ಚು ಎನ್ನುತ್ತಾರೆ. ಪಕ್ಕದ ಮನೆಯ ಅಕ್ಕ ಕೂದಲು ಕಟ್ಟಿ ಬಿಡು ಎನ್ನುತ್ತಾರೆ. ಮೊಬೈಲು ತೆರೆದರೆ ಮಚ್ಚೆ ಸುಡುವ ಒಂದು ಪೆನ್ನಿನ ಜಾಹೀರಾತು, ಪಾರ್ಲರಿಗೆ ಹೋದರೆ 'ಹತ್ತೇ ನಿಮಿಷ' ಎಂಬ ಭರವಸೆ. ಡಾಕ್ಟರ ಬಳಿ ಹೋಗದೆ ಮುಗಿಯುವುದಾದರೆ ಇವುಗಳಲ್ಲಿ ಯಾವುದು ವಾಸಿ?

ಉತ್ತರ ನಿಮ್ಮ ಮೈಮೇಲೆ ಇರುವುದು ಏನು ಎಂಬುದರ ಮೇಲೆ ನಿಂತಿದೆ. ನಮ್ಮಲ್ಲಿ 'ಮಚ್ಚೆ' ಎಂದು ಕರೆಸಿಕೊಳ್ಳುವ ವಸ್ತುಗಳು ನಾಲ್ಕೈದು ಉಂಟು. ಒಂದಕ್ಕೆ ನಾಟುವ ಉಪಾಯ ಇನ್ನೊಂದಕ್ಕೆ ಹಾನಿ. ಯಾರಿಗೋ ದಾರ ಕಟ್ಟಿ ಉದುರಿದ್ದು ಮಚ್ಚೆಯೇ ಅಲ್ಲದಿರಬಹುದು.

ಅದು ಏನು?

ನಿಜವಾದ ಮಚ್ಚೆ ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಒಂದೆಡೆ ಗೂಡು ಕಟ್ಟಿ ಕೂತದ್ದು. ದೊಡ್ಡವರ ಮೈಮೇಲೆ ಇಂಥವು ಹತ್ತರಿಂದ ನಲವತ್ತರವರೆಗೆ ಇರುವುದು ಸಾಮಾನ್ಯ. ಚಪ್ಪಟೆ ಮಚ್ಚೆಯಲ್ಲಿ ಈ ಗೂಡು ಚರ್ಮದ ಮೇಲ್ಪದರದ ಬುಡದಲ್ಲಿರುತ್ತದೆ. ಉಬ್ಬಿದ ಮಚ್ಚೆಯಲ್ಲಿ ಅದು ಒಳಪದರಕ್ಕೆ ಇಳಿದಿರುತ್ತದೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದಿನದ್ದೆಲ್ಲ ಸುಲಭ. ಮುಖದ ಮೇಲ್ಪದರದ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು, ಹೆಚ್ಚೇನಿಲ್ಲ. ಅದಷ್ಟೇ ಹೋದರೆ ಕಲೆಯಿಲ್ಲದೆ ಮಾಯುತ್ತದೆ. ಗಾಯ ಅದರ ಕೆಳಗೆ ಆಳಕ್ಕೆ ಇಳಿದರೆ ಕಲೆ ಉಳಿಯುತ್ತದೆ. ಉಬ್ಬಿದ ಮಚ್ಚೆಯ ಬುಡ ಇರುವುದು ಆ ಕೆಳಗೆ. ಹಾಗಾಗಿ ಬುಡ ಮುಟ್ಟಿದರೆ ಕಲೆ, ಮುಟ್ಟದಿದ್ದರೆ ಅದು ಮತ್ತೆ ಬರುತ್ತದೆ. ಕಲೆಯೂ ಇಲ್ಲ, ಮರಳಿಯೂ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರು ಮಚ್ಚೆಯ ಮಾತಾಡುತ್ತಿಲ್ಲ, ಇಲ್ಲವೇ ಸರಿಯಾಗಿ ತಿಳಿದಿಲ್ಲ.

ಎರಡನೆಯದು ತೊಟ್ಟಿರುವ ತುಣುಕು. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಮೆತ್ತಗೆ ಜೋತಾಡುತ್ತದೆ, ಬಣ್ಣ ಚರ್ಮದ್ದೇ ಅಥವಾ ಸ್ವಲ್ಪ ಕಪ್ಪು. ಬಟ್ಟೆ, ಸರ, ಬೆವರು ಉಜ್ಜುವ ಕಡೆ ಹೆಚ್ಚು. ಮೈತೂಕ ಏರಿದವರಲ್ಲಿ, ಸಕ್ಕರೆ ಕಾಯಿಲೆಯ ಕಡೆ ವಾಲಿದವರಲ್ಲಿ, ಬಸುರಿಯರಲ್ಲಿ ಒಟ್ಟೊಟ್ಟಿಗೆ ಹತ್ತಿಪ್ಪತ್ತು ಕಾಣಿಸಿಕೊಳ್ಳುತ್ತವೆ. ಕುತ್ತಿಗೆಯ ಹಿಂಭಾಗ ಕಪ್ಪಾಗಿ ದಪ್ಪವಾಗಿದ್ದು ಇವೂ ಇದ್ದರೆ, ಅವನ್ನು ತೆಗೆಸುವುದಕ್ಕಿಂತ ಮೊದಲು ರಕ್ತದ ಸಕ್ಕರೆ ನೋಡಿಸಿಕೊಳ್ಳಿ.

ಮೂರನೆಯದು ನರಹುಲಿ. ಕೈಬೆರಳು, ಉಗುರಂಚು, ಅಂಗಾಲಿನಲ್ಲಿ ಒರಟಾಗಿ ಎದ್ದಿರುತ್ತದೆ. ಹತ್ತಿರದಿಂದ ನೋಡಿದರೆ ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ, ಅವು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ಇದು ವೈರಸ್ಸಿನಿಂದ ಬರುವುದು, ಕೆರೆದರೆ, ಶೇವ್ ಮಾಡಿದರೆ ಸಾಲಾಗಿ ಹರಡುತ್ತದೆ. ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಹರಕೆ ಹೇಳಿಕೊಂಡದ್ದು ಬೇಗ ಫಲಿಸಿತು ಎನಿಸುವುದಕ್ಕೂ ಇದೇ ಕಾರಣವಿರಬಹುದು.

ನಾಲ್ಕನೆಯದು ನಮ್ಮ ಚರ್ಮದವರಲ್ಲಿ ಬಹಳ ಸಾಮಾನ್ಯ, ಆದರೆ ಅದಕ್ಕೆ ಬೇರೆ ಹೆಸರೇ ಇಲ್ಲದೆ ಎಲ್ಲರೂ ಮಚ್ಚೆ ಎನ್ನುತ್ತಾರೆ. ಕೆನ್ನೆಯ ಮೇಲ್ಭಾಗ, ಕಣ್ಣಿನ ಸುತ್ತ ಸಾಸಿವೆ, ಎಳ್ಳು ಅಂಟಿಸಿದ ಹಾಗೆ ಕಪ್ಪು ಕಣಗಳು. ತಾಯಿಗಿದ್ದರೆ ಮಗಳಿಗೂ ಬರುವುದು ಹೆಚ್ಚು. ಇವು ಮೇಲ್ಪದರದಲ್ಲೇ ಬೆಳೆಯುವಂಥವು, ಒಳಗೆ ಬುಡವಿಲ್ಲ. ಆದ್ದರಿಂದ ನುರಿತ ಕೈಯಲ್ಲಿ ಹೆಚ್ಚು ಕಲೆಯಿಲ್ಲದೆ ಹೋಗುತ್ತವೆ, ಒರಟು ಕೈಯಲ್ಲಿ ಕಪ್ಪು ಕಣದ ಜಾಗದಲ್ಲಿ ಬಿಳಿ ಇಲ್ಲವೇ ಇನ್ನೂ ಕಪ್ಪಾದ ಗುರುತು ಉಳಿಯುತ್ತದೆ.

ಐದನೆಯದು, ಅಪರೂಪದ್ದಾದರೂ ಉಳಿದೆಲ್ಲದರ ಲೆಕ್ಕ ತಪ್ಪಿಸುವಂಥದ್ದು: ಮಚ್ಚೆಯ ವೇಷದ ಕ್ಯಾನ್ಸರು. ಬಣ್ಣ ಕೊಡುವ ಕೋಶಗಳ ಕ್ಯಾನ್ಸರಾದ ಮೆಲನೋಮ ಭಾರತೀಯರಲ್ಲಿ ಕಡಿಮೆ, ನಿಜ. ಆದರೆ ಬಂದಾಗ ಅದು ಬಿಸಿಲು ಬೀಳುವ ಮುಖಕ್ಕಿಂತ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವುದು ಹೆಚ್ಚು. ಬರಿಗಾಲಲ್ಲಿ ತೋಟ, ಅಂಗಳ ಸುತ್ತುವವರು ಅಂಗಾಲಿನ ಕಪ್ಪು ಗುರುತನ್ನು ಮುಳ್ಳು ಚುಚ್ಚಿದ್ದೆಂದು ಬಿಟ್ಟುಬಿಡುತ್ತಾರೆ. ಮುಖದಲ್ಲಿ ಬರುವ ಇನ್ನೊಂದು ಚರ್ಮದ ಕ್ಯಾನ್ಸರು ನಮ್ಮವರಲ್ಲಿ ಹಲವು ಸಲ ಕಪ್ಪಾಗಿಯೇ ಇರುತ್ತದೆ. ಅಂಚು ಮುತ್ತಿನ ಹಾಗೆ ಹೊಳೆಯುತ್ತದೆ, ನಡುವೆ ಆಗಾಗ ಹುಣ್ಣಾಗಿ ಹಕ್ಕಳೆ ಕಟ್ಟಿ ಉದುರುತ್ತದೆ, ಮಾಯುವುದಿಲ್ಲ.

ಮನೆಯ ಬೆಳಕಿನಲ್ಲಿ ನೋಡಬೇಕಾದ್ದು ಇಷ್ಟು. ನಡುವೆ ಗೆರೆ ಎಳೆದರೆ ಎರಡು ಅರ್ಧ ಹೊಂದುತ್ತವೆಯೇ? ಅಂಚು ನಯವೋ, ನಕಾಶೆಯ ಕರಾವಳಿಯ ಹಾಗೆ ಅಂಕುಡೊಂಕೋ? ಬಣ್ಣ ಒಂದೇ, ಅಥವಾ ಕಂದು, ಕಪ್ಪು, ಕೆಂಪು, ನೀಲಿ ಬೆರೆತಿದೆಯೇ? ಗಾತ್ರ 6 ಮಿ.ಮೀ. ದಾಟಿದೆಯೇ? ಒಳ್ಳೆಮೆಣಸಿನ ಕಾಳು ಸುಮಾರು 5 ಮಿ.ಮೀ. ಇರುತ್ತದೆ, ಪಕ್ಕದಲ್ಲಿಟ್ಟು ನೋಡಬಹುದು. ಎಲ್ಲಕ್ಕಿಂತ ಮುಖ್ಯ, ಕೆಲವು ತಿಂಗಳಲ್ಲಿ ಬದಲಾಗಿದೆಯೇ? ತುರಿಕೆ, ತಾನಾಗಿ ರಕ್ತ, ನಲವತ್ತು ಕಳೆದ ಮೇಲೆ ಹೊಸದಾಗಿ ಹುಟ್ಟಿದ್ದು, ಒಂದೇ ಒಂದು ಉಗುರಿನಲ್ಲಿ ಹೊಸ ಕಪ್ಪು ಗೆರೆ: ಇವುಗಳಲ್ಲಿ ಒಂದಿದ್ದರೂ ಈ ಹೋಲಿಕೆ ನಿಮಗೆ ಇಲ್ಲಿಗೇ ಮುಗಿಯಿತು. ಚರ್ಮದ ಡಾಕ್ಟರಲ್ಲದೆ ಬೇರೆ ಆಯ್ಕೆ ಇಲ್ಲ. ಹುಟ್ಟಿನಿಂದ ಬಂದ ದೊಡ್ಡ ಮಚ್ಚೆಗೂ ಇದೇ ಮಾತು.

ಯಾವ ಅಳತೆಯಿಂದ ತೂಗುವುದು

ಐದು ಅಳತೆಗಳು ಸಾಕು. ಆಳ ಎಷ್ಟು ಹೋಗಬೇಕೆಂಬುದು ಮಾಡುವವರ ಹಿಡಿತದಲ್ಲಿದೆಯೇ? ಉಳಿಯುವ ಕಲೆ ಎಷ್ಟು? ತೆಗೆದ ತುಣುಕು ಪರೀಕ್ಷೆಗೆ ಸಿಗುತ್ತದೆಯೇ? ಕೀವಾಗುವ, ಬೇರೆಯವರ ರಕ್ತದ ರೋಗ ಅಂಟುವ ಅಪಾಯ ಎಷ್ಟು? ಕೊನೆಗೆ ದುಡ್ಡು. ಜನ ಶುರುಮಾಡುವುದು ಕೊನೆಯದರಿಂದ. ಆದರೆ ಮೂರನೆಯದೇ ಹೆಚ್ಚು ತೂಕದ್ದು. ಸುಟ್ಟು ಬೂದಿಯಾದದ್ದನ್ನು ಕ್ಯಾನ್ಸರು ಹೌದೋ ಅಲ್ಲವೋ ಎಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಲು ಆಗುವುದಿಲ್ಲ.

ಕರಾವಳಿಯವರಿಗೆ ಇನ್ನೂ ಎರಡು ಸಂಗತಿ ಸೇರಿಸಬೇಕು. ಒಂದು, ಕಂದು ಚರ್ಮ ಸಣ್ಣ ಗಾಯಕ್ಕೂ ಕಪ್ಪಾಗಿ ಉತ್ತರ ಕೊಡುತ್ತದೆ. ಮಚ್ಚೆ ಹೋಗಿ ಅದರ ಎರಡರಷ್ಟು ಅಗಲದ ಕರಿ ಗುರುತು ತಿಂಗಳುಗಟ್ಟಲೆ ಉಳಿಯುವುದು ಸಾಮಾನ್ಯ. ಎದೆಯ ನಡು, ಹೆಗಲು, ಕಿವಿಹಾಲೆ, ದವಡೆಯಂಚಿನಲ್ಲಿ ಕೆಲವರಿಗೆ ಗಾಯಕ್ಕಿಂತ ದೊಡ್ಡದಾಗಿ ಗಂಟುಗಲೆ ಬೆಳೆಯುತ್ತದೆ. ಕಿವಿ ಚುಚ್ಚಿದ ಜಾಗ, ಬಿಸಿಜಿ ಚುಚ್ಚಿದ ತೋಳು ನೋಡಿಕೊಳ್ಳಿ, ಅಲ್ಲಿ ಗಂಟು ಎದ್ದಿದ್ದರೆ ನಿಮಗೂ ಆ ಗುಣ ಇದೆ. ಎರಡು, ಇಲ್ಲಿನ ಸೆಕೆ, ಮಳೆ. ಮಾಯಬೇಕಾದ ಗಾಯ ಬೆವರಿನಲ್ಲಿ ನೆನೆದು ಕೂರುತ್ತದೆ.

ಬಿಟ್ಟುಬಿಡುವುದು

ಇದೂ ಒಂದು ಆಯ್ಕೆ, ಹೆಚ್ಚಿನ ಮಚ್ಚೆಗೆ ಇದೇ ಸರಿ. ಖರ್ಚಿಲ್ಲ, ಕಲೆಯಿಲ್ಲ. ಮೂರು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲು ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ಬದಲಾವಣೆ ಗೊತ್ತಾಗುತ್ತದೆ. ಮಚ್ಚೆಯಲ್ಲಿ ಕೂದಲು ಬೆಳೆದು ಮುಜುಗರವಾದರೆ ಸಣ್ಣ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಬೇರಿನ ಬಳಿ ಉರಿಯೂತವಾಗಿ ಮಚ್ಚೆ ದಪ್ಪಗಾಗುತ್ತದೆ, ಆಮೇಲೆ ಅದು ಯಾಕೆ ಬದಲಾಯಿತೆಂದು ಚಿಂತೆ. ಮದುವೆಯ ಒಂದು ದಿನದ ಫೋಟೋಕ್ಕಾದರೆ ಕನ್ಸೀಲರ್ ಸಾಕು. ಅದೃಷ್ಟದ ಮಚ್ಚೆ, ದುರದೃಷ್ಟದ ಮಚ್ಚೆ ಎಂಬ ಲೆಕ್ಕಕ್ಕಾಗಿ ಮುಖಕ್ಕೆ ಕತ್ತಿ ಹಾಕಿಸುವುದಂತೂ ನಷ್ಟದ ವ್ಯಾಪಾರ.

ಸುಣ್ಣ ಮತ್ತು ಸೋಡಾ

ಅಡಿಕೆಗೆ ಹಚ್ಚುವ ಸುಣ್ಣ ಮನೆಮನೆಯಲ್ಲಿ ಇರುವುದರಿಂದ ಇದು ಎಲ್ಲಕ್ಕಿಂತ ಸುಲಭ ಎನಿಸುತ್ತದೆ. ಅದರ ಜೊತೆ ಬಟ್ಟೆ ತೊಳೆಯುವ ಸೋಡಾ ಕಲಸುವುದು ಹಳೆಯ ಉಪಾಯ. ಕಲಸಿದಾಗ ಏನಾಗುತ್ತದೆ ಎಂಬುದನ್ನು ಹೇಳಿದರೆ ಸಾಕು: ಸುಣ್ಣವೂ ಸೋಡಾವೂ ಸೇರಿ ಸೀಮೆಸುಣ್ಣ ಕೆಳಗೆ ಕೂರುತ್ತದೆ, ಮೇಲೆ ಉಳಿಯುವುದು ಕಾಸ್ಟಿಕ್ ಸೋಡಾ. ಸಾಬೂನು ಕಾಯಿಸಲು, ಕಟ್ಟಿಕೊಂಡ ಚರಂಡಿ ಬಿಡಿಸಲು ಬಳಸುವುದು ಅದನ್ನೇ. ಚರ್ಮದ ಕೊಬ್ಬನ್ನೂ ಅದು ಸಾಬೂನು ಮಾಡುತ್ತದೆ.

ಆಮ್ಲ ತಾಗಿದ ಚರ್ಮ ಗಟ್ಟಿ ಪೊರೆಯಾಗುತ್ತದೆ, ಆ ಪೊರೆಯೇ ಸ್ವಲ್ಪ ತಡೆ. ಕ್ಷಾರಕ್ಕೆ ಅಂಥ ತಡೆಯಿಲ್ಲ. ಮಾಂಸವನ್ನು ಕರಗಿಸುತ್ತ ಒಳಗಿಳಿಯುತ್ತದೆ, ಒರೆಸಿದ ಮೇಲೂ ಕೆಲಸ ನಿಲ್ಲುವುದಿಲ್ಲ. ನೋವು ತಡವಾಗಿ ಬರುವುದು ಇನ್ನೊಂದು ಮೋಸ. ಉರಿ ಶುರುವಾಗುವಷ್ಟರಲ್ಲಿ ಮಚ್ಚೆಯಷ್ಟು ಅಗಲವಿದ್ದದ್ದು ಅದರ ಎರಡು ಪಟ್ಟು ಆಗಿರುತ್ತದೆ. ಹತ್ತು ದಿನಕ್ಕೆ ಕಪ್ಪು ಹಕ್ಕಳೆ ಬಿದ್ದಾಗ ಕೆಳಗೆ ಗುಳಿ ಇರುತ್ತದೆ. ಆ ಗುಳಿಯಂಚಿನಿಂದ ಮಚ್ಚೆಯ ಉಳಿದ ಕೋಶಗಳು ಮತ್ತೆ ಕಪ್ಪು ಕಾರುತ್ತವೆ. ಆಳದ ಹಿಡಿತ ಸೊನ್ನೆ, ಕಲೆ ಖಚಿತ, ಪರೀಕ್ಷೆಗೆ ಏನೂ ಸಿಗುವುದಿಲ್ಲ. ಕಣ್ಣಿನ ಸುತ್ತ ಇದನ್ನು ಹಚ್ಚುವುದೆಂದರೆ ಕಣ್ಣನ್ನೇ ಪಣಕ್ಕಿಟ್ಟಂತೆ.

ಗೇರಿನ ಸೊನೆ

ಗೇರುಬೀಜ ಕೆಂಡದಲ್ಲಿ ಸುಟ್ಟು ತಿಂದವರಿಗೆ ತುಟಿಯಂಚು ಸುಟ್ಟ ಅನುಭವ ಹೇಳಿಕೊಡಬೇಕಾಗಿಲ್ಲ. ಸಿಪ್ಪೆಯ ಎರಡು ಪದರದ ನಡುವಿನ ಜೇನುಗೂಡಿನಂಥ ಜಾಗದಲ್ಲಿ ಕಂದು ಎಣ್ಣೆ ತುಂಬಿರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಅನಕಾರ್ಡಿಕ್ ಆಮ್ಲ, ಜೊತೆಗೆ ಕಾರ್ಡೋಲ್. ಕಾರ್ಖಾನೆಯಲ್ಲಿ ಬೀಜ ಒಡೆಯುವ ಹೆಂಗಸರು ಕೈಗೆ ಎಣ್ಣೆ, ಬೂದಿ ಸವರಿಕೊಳ್ಳುವುದು ಇದಕ್ಕಾಗಿಯೇ. ಅದನ್ನು ಕಡ್ಡಿಯ ತುದಿಯಲ್ಲಿ ಅದ್ದಿ ಮಚ್ಚೆಗೆ ಮುಟ್ಟಿಸುವ ರೂಢಿ ಉಂಟು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಡುಗೇರಿನ ರಸವನ್ನೂ ಹಾಗೆಯೇ ಬಳಸುತ್ತಾರೆ.

ಸುಡುವುದು ಇದರ ಅರ್ಧ ತೊಂದರೆ ಮಾತ್ರ, ಉಳಿದರ್ಧ ಅಲರ್ಜಿ. ಗೇರು, ಕಾಡುಗೇರು, ಚೇರೆ, ಮಾವು ಎಲ್ಲ ಒಂದೇ ಕುಟುಂಬದ ಮರಗಳು. ಮಾವಿನ ಸೊನೆಗೆ ತುಟಿ ಊದುವವರು, ಚೇರೆ ಮರದ ಕೆಳಗೆ ಹೋಗಿ ಮೈ ಉಬ್ಬಿಸಿಕೊಂಡವರು ಇದನ್ನು ಮುಖಕ್ಕೆ ಮುಟ್ಟಿಸಿದರೆ ಒಂದೆರಡು ದಿನದಲ್ಲಿ ಕಣ್ಣು ಮುಚ್ಚುವಷ್ಟು ಊದುತ್ತದೆ. ಮೊದಲ ಸಲ ಏನೂ ಆಗದಿದ್ದವರಿಗೂ ಎರಡನೆಯ ಸಲ ಆಗಬಹುದು, ಅಲರ್ಜಿ ಹುಟ್ಟುವುದೇ ಮೊದಲ ಸಲದಲ್ಲಿ. ಆಯ್ಕೆಗಳಲ್ಲಿ ಇದಕ್ಕೆ ಎಲ್ಲಕ್ಕಿಂತ ಕೆಳಗಿನ ಸ್ಥಾನ.

ಬೆಳ್ಳುಳ್ಳಿ ಜಜ್ಜಿ ಪಟ್ಟಿ ಕಟ್ಟುವುದು, ಆ್ಯಪಲ್ ಸೈಡರ್ ವಿನೆಗರ್ ಅದ್ದಿದ ಹತ್ತಿ ಇಡುವುದು ಇವೆಲ್ಲ ಅದೇ ದಾರಿಯ ಮೆದು ರೂಪಗಳು. ವಿನೆಗರಿನಲ್ಲಿ ಅಸಿಟಿಕ್ ಆಮ್ಲ ಸುಮಾರು ಶೇ. 5 ಮಾತ್ರ, ಆದರೆ ಬ್ಯಾಂಡೇಜಿನಡಿಯಲ್ಲಿ ದಿನಗಟ್ಟಲೆ ಕೂರಿಸಿದರೆ ಅದೂ ಸುಡುತ್ತದೆ. ಇಂಟರ್ನೆಟ್ಟಿನ ಸಲಹೆ ನೋಡಿ ಮೂಗಿನ ಮಚ್ಚೆಗೆ ವಿನೆಗರ್ ಹಾಕಿ ಸುಟ್ಟುಕೊಂಡ ಹುಡುಗಿಯ ವಿವರ 2015ರಲ್ಲಿ ಅಮೆರಿಕದ ಚರ್ಮವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು.

ದಾರ ಅಥವಾ ಕೂದಲು ಕಟ್ಟುವುದು

ಮನೆ ಉಪಾಯಗಳಲ್ಲಿ ತರ್ಕವಿರುವುದು ಇದಕ್ಕೆ ಮಾತ್ರ. ತೊಟ್ಟು ಬಿಗಿದರೆ ರಕ್ತ ನಿಲ್ಲುತ್ತದೆ, ತುಣುಕು ನೇರಳೆಯಾಗಿ, ಕಪ್ಪಾಗಿ, ಒಣಗಿ ವಾರ ಹತ್ತು ದಿನದಲ್ಲಿ ಬೀಳುತ್ತದೆ. ಆದರೆ ತೊಟ್ಟಿರಬೇಕಲ್ಲ! ಹೆಚ್ಚಿನ ಮಚ್ಚೆಗೆ ತೊಟ್ಟಿಲ್ಲ, ಅದು ಅಡಿಯಿಂದಲೇ ಅಗಲ. ಅದಕ್ಕೆ ದಾರ ಕಟ್ಟಿದರೆ ಮೇಲಿನ ಭಾಗ ಕೊಳೆತು ಬುಡ ಉಳಿಯುತ್ತದೆ.

ತೊಟ್ಟಿರುವ ತುಣುಕಿನಲ್ಲೂ ಎಡವಟ್ಟಾಗುವ ಕಡೆಗಳು ಗೊತ್ತಿರುವಂಥವೇ. ದಾರ ಸಡಿಲವಾದರೆ ರಕ್ತ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ತುಣುಕು ಊದಿ ನೋಯುತ್ತದೆ. ಕಂಕುಳು, ತೊಡೆಸಂದಿಯಲ್ಲಿ ಬೆವರಿಗೆ ಕೀವಾಗುತ್ತದೆ. ತೊಟ್ಟು ಬೆಂಕಿಕಡ್ಡಿಗಿಂತ ದಪ್ಪವಿದ್ದರೆ ಒಳಗೆ ರಕ್ತನಾಳ ದೊಡ್ಡದಿರುತ್ತದೆ. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಕಣ್ಣುರೆಪ್ಪೆಯಲ್ಲಿ ಅಥವಾ ಗುಪ್ತಾಂಗದಲ್ಲಿ ಇರುವವರು ಇದರ ಗೋಜಿಗೆ ಹೋಗಬಾರದು. ಡಾಕ್ಟರು ಇದನ್ನೇ ಸಣ್ಣ ಕತ್ತರಿಯಿಂದ ಕ್ಷಣದಲ್ಲಿ ಕತ್ತರಿಸುತ್ತಾರೆ, ಹತ್ತು ತುಣುಕಿದ್ದರೂ ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಹಾಗಿರುವಾಗ ಹತ್ತು ದಿನ ಕೊಳೆಯುವ ತುಣುಕನ್ನು ಕುತ್ತಿಗೆಯಲ್ಲಿ ಹೊತ್ತು ತಿರುಗುವುದರಲ್ಲಿ ಲಾಭ ಅಷ್ಟಕ್ಕಷ್ಟೆ.

ಮೆಡಿಕಲಿನಲ್ಲಿ ಸಿಗುವ ದ್ರಾವಣ

ಸ್ಯಾಲಿಸಿಲಿಕ್ ಆಮ್ಲ ಸುಮಾರು ಶೇ. 17, ಲ್ಯಾಕ್ಟಿಕ್ ಆಮ್ಲ ಸೇರಿಸಿ ಅಂಟು ದ್ರವದ ರೂಪದಲ್ಲಿ ಬರುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಸರಿಯಾದ ಚಿಕಿತ್ಸೆ ಇದು, ಆದರೆ ನರಹುಲಿಗೆ ಮಾತ್ರ. ಅದೂ ಕೈ ಕಾಲಿನದಕ್ಕೆ. ಮಚ್ಚೆಗೆ, ಮುಖಕ್ಕೆ, ಗುಪ್ತಾಂಗಕ್ಕೆ, ಸಕ್ಕರೆ ಕಾಯಿಲೆಯವರ ಪಾದಕ್ಕೆ ಇದು ಸಲ್ಲದು.

ರಾತ್ರಿ ಮಲಗುವ ಮುಂಚೆ ಆ ಭಾಗವನ್ನು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ. ಮೆದುವಾದ ಬಿಳಿ ಚರ್ಮವನ್ನು ಉಗುರು ಉಜ್ಜುವ ಒರಟು ಕಡ್ಡಿಯಿಂದ ತೆಗೆಯಿರಿ, ರಕ್ತ ಬರುವಷ್ಟಲ್ಲ. ಆ ಕಡ್ಡಿಯನ್ನು ಬೇರೆ ಯಾರೂ, ಬೇರೆ ಉಗುರಿಗೂ ಬಳಸಬಾರದು, ವೈರಸ್ ಹರಡುವುದೇ ಹಾಗೆ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲೀನ್ ಸವರಿ, ನರಹುಲಿಯ ಮೇಲೆ ಒಂದು ಹನಿ ಹಾಕಿ ಒಣಗಲು ಬಿಡಿ. ಮರುದಿನ ಮತ್ತೆ ಅದೇ. ಹನ್ನೆರಡು ವಾರದವರೆಗೆ ಹಿಡಿಯಬಹುದು. ಹೆಚ್ಚಿನವರು ಮೂರನೆಯ ವಾರಕ್ಕೆ ಬೇಸರಪಟ್ಟು ಬಿಡುತ್ತಾರೆ, ಔಷಧಿ ಫಲ ಕೊಡಲಿಲ್ಲ ಎನ್ನುತ್ತಾರೆ. ಉರಿ ಜಾಸ್ತಿಯಾದರೆ ಎರಡು ದಿನ ಬಿಟ್ಟು ಮುಂದುವರಿಸಿ.

ಆನ್‌ಲೈನಿನ ಕ್ರೀಮು, ಪೆನ್ನು

ಕ್ರೀಮಿನ ಡಬ್ಬಿಯ ಮೇಲೆ 'ನೈಸರ್ಗಿಕ' ಎಂದಿದ್ದರೂ ಒಳಗಿರುವುದು ಸುಡುವ ವಸ್ತುವೇ, ಇಲ್ಲದಿದ್ದರೆ ಅದು ಏನೂ ಮಾಡುವುದಿಲ್ಲ. ಮಚ್ಚೆ ಅಥವಾ ತೊಟ್ಟಿನ ತುಣುಕು ತೆಗೆಯಲು ಚೀಟಿಯಿಲ್ಲದೆ ಮಾರಬಹುದಾದ ಔಷಧಿ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದೆ. 2022ರಲ್ಲಿ ಇಂಥದ್ದನ್ನು ಮಾರುತ್ತಿದ್ದ ಕಂಪೆನಿಗಳಿಗೆ ಎಚ್ಚರಿಕೆ ಪತ್ರವನ್ನೂ ಕಳಿಸಿತ್ತು.

ಪೆನ್ನು ತುದಿಯಲ್ಲಿ ಸಣ್ಣ ಕಿಡಿ ಹಾರಿಸಿ ಚರ್ಮ ಸುಡುತ್ತದೆ. ಒಂಬತ್ತು ಹಂತದ ಗುಂಡಿ ಇರುತ್ತದೆ, ಆದರೆ ಯಾವ ಹಂತದಲ್ಲಿ ಎಷ್ಟು ಆಳ ಎಂದು ಹೇಳುವ ಮಾಪಕ ಇರುವುದಿಲ್ಲ. ಕನ್ನಡಿಯಲ್ಲಿ ನೋಡುತ್ತ ಎಡ ಬಲ ತಿರುಚಿದ ಕೈಯಲ್ಲಿ ಮೂಗಿನ ಪಕ್ಕದ ಒಂದು ಮಿಲಿಮೀಟರನ್ನು ಹದವಾಗಿ ಸುಡುವುದು ಕಸುಬಿನವರಿಗೂ ಕಷ್ಟ. ಡಾಕ್ಟರ ಯಂತ್ರವೂ ಸುಡುತ್ತದಲ್ಲ ಎಂದರೆ, ಸುಡುತ್ತದೆ ನಿಜ. ವ್ಯತ್ಯಾಸ ಇರುವುದು ಸುಡುವ ಮುಂಚೆ ನೋಡಿದ ಕಣ್ಣಿನಲ್ಲಿ, ಸುಡುತ್ತಿರುವಾಗ ಎಲ್ಲಿ ನಿಲ್ಲಿಸಬೇಕೆಂದು ತಿಳಿದ ಕೈಯಲ್ಲಿ.

ಪಾರ್ಲರು

ಮನೆಗಿಂತ ಕೈ ಪಳಗಿರಬಹುದು. ಆದರೆ ಗುರುತು ಹಿಡಿಯುವ ಓದು ಇಲ್ಲ, ತುಣುಕು ಪರೀಕ್ಷೆಗೆ ಹೋಗುವುದಿಲ್ಲ, ಮರಗಟ್ಟಿಸುವ ಚುಚ್ಚುಮದ್ದು ಕೊಡುವ ಅಧಿಕಾರವೂ ಇಲ್ಲ. ಸೂಜಿಯ ತುದಿ ಪ್ರತಿಯೊಬ್ಬರಿಗೂ ಹೊಸದೇ ಎಂದು ಕೇಳಿ, ಪೊಟ್ಟಣ ನಿಮ್ಮೆದುರೇ ಒಡೆಯುತ್ತಾರೆಯೇ ನೋಡಿ. ಸ್ಪಿರಿಟ್ಟಿನಲ್ಲಿ ಒರೆಸಿದ್ದು ಸಾಲದು, ಹೆಪಟೈಟಿಸ್ ಬಿ ಅಷ್ಟಕ್ಕೆ ಹೆದರುವುದಿಲ್ಲ. ಹುಬ್ಬು ತಿದ್ದಿಸಲು ಹೋದವರು 'ಇದನ್ನೂ ತೆಗೆದುಬಿಡಿ' ಎಂದು ಸೇರಿಸಿಕೊಳ್ಳುವ ಕೆಲಸ ಇದಲ್ಲ.

ಡಾಕ್ಟರ ಬಳಿ ಹೋದರೆ ಏನೇನು

ಇಲ್ಲಿಯೂ ಒಂದೇ ದಾರಿಯಿಲ್ಲ, ಆಯ್ಕೆ ನಿಮ್ಮದೂ ಹೌದು. ಆದ್ದರಿಂದ ತಿಳಿದು ಹೋಗುವುದು ಒಳ್ಳೆಯದು.

ಕೆನ್ನೆಯ ಸಾಸಿವೆ ಕಣಗಳಿಗೆ ಮರಗಟ್ಟಿಸುವ ಕ್ರೀಮು ಹಚ್ಚಿ, ಪ್ಲಾಸ್ಟಿಕ್ ಮುಚ್ಚಿ ಮುಕ್ಕಾಲು ಗಂಟೆ, ಒಂದು ಗಂಟೆ ಕಾಯಿಸುತ್ತಾರೆ. ಆಮೇಲೆ ರೇಡಿಯೋ ಫ್ರೀಕ್ವೆನ್ಸಿ ಅಥವಾ ಕಾಟರಿ ಎಂಬ, ವಿದ್ಯುತ್ತಿನಿಂದ ಸುಡುವ ಯಂತ್ರದ ಸಣ್ಣ ತುದಿಯಿಂದ ಮುಟ್ಟಿಸಿ ಒರೆಸುತ್ತಾರೆ. ಕ್ರೀಮಿನ ಹೊತ್ತನ್ನು ಲೆಕ್ಕ ಹಾಕಿಕೊಂಡು ಹೋಗಿ. ಎಲ್ಲವನ್ನೂ ಒಮ್ಮೆಗೇ ಮಾಡಿಸದೆ ಮೊದಲು ಕಿವಿಯ ಪಕ್ಕದ ಎರಡು ಮೂರನ್ನು ಮಾಡಿಸಿ, ಎರಡು ತಿಂಗಳು ನಿಮ್ಮ ಚರ್ಮ ಹೇಗೆ ಮಾಯುತ್ತದೆ ನೋಡಿ. ದುಬಾರಿ ಪಶ್ಚಾತ್ತಾಪ ತಪ್ಪುತ್ತದೆ.

ಉಬ್ಬಿದ, ಸಂಶಯವಿಲ್ಲದ ಮಚ್ಚೆಯನ್ನು ಚುಚ್ಚುಮದ್ದು ಕೊಟ್ಟು ಚರ್ಮದ ಮಟ್ಟಕ್ಕೆ ಬ್ಲೇಡಿನಿಂದ ಕೆರೆದು ತೆಗೆಯಬಹುದು. ಹೊಲಿಗೆ ಇಲ್ಲ, ಕಲೆ ಚಪ್ಪಟೆ, ತುಣುಕು ಪರೀಕ್ಷೆಗೆ ಸಿಗುತ್ತದೆ. ಬುಡ ಸ್ವಲ್ಪ ಉಳಿಯುವುದರಿಂದ ಕೂದಲೋ ಬಣ್ಣವೋ ಮತ್ತೆ ಬರುವ ಸಾಧ್ಯತೆ ಇದರ ದೌರ್ಬಲ್ಯ. ಮೂಗು, ಗಲ್ಲದ ಮೇಲಿನ ಗುಂಡಗಿನ ಮಚ್ಚೆಗೆ ಹೆಚ್ಚಿನವರು ಇದನ್ನೇ ಇಷ್ಟಪಡುತ್ತಾರೆ.

ಪಂಚ್ ಎಂದರೆ ಅಚ್ಚಿನಂಥ ದುಂಡು ಬ್ಲೇಡು. ಮೂರು ನಾಲ್ಕು ಮಿ.ಮೀ. ಮಚ್ಚೆಯನ್ನು ಬುಡಸಮೇತ ಎತ್ತಿ ಒಂದೋ ಎರಡೋ ಹೊಲಿಗೆ ಹಾಕುತ್ತಾರೆ. ಅದಕ್ಕಿಂತ ದೊಡ್ಡದು, ಅಥವಾ ಸಂಶಯದ್ದು ಎಂದರೆ ದೋಣಿಯಾಕಾರದಲ್ಲಿ ಕತ್ತರಿಸಿ ಹೊಲಿಯುವುದು. ಇಲ್ಲಿ ಜನ ಬೆಚ್ಚಿಬೀಳುವ ಸಂಗತಿ ಒಂದು: ಅಂಚು ಸೇರಿ ಸಮತಟ್ಟಾಗಿ ಕೂರಬೇಕಾದರೆ ದೋಣಿಯ ಉದ್ದ ಅಗಲದ ಸುಮಾರು ಮೂರರಷ್ಟಿರಬೇಕು. ಐದು ಮಿ.ಮೀ. ಮಚ್ಚೆಗೆ ಒಂದೂವರೆ ಸೆಂಟಿಮೀಟರಿನ ಗೆರೆ. ಚರ್ಮದ ಸುಕ್ಕಿನ ಜಾಡಿನಲ್ಲೇ ಗೆರೆ ಬರುವಂತೆ ಹಾಕಿದರೆ ವರ್ಷದೊಳಗೆ ಮಸುಕಾಗುತ್ತದೆ. 'ಗೆರೆ ಯಾವ ದಿಕ್ಕಿಗೆ ಬರುತ್ತದೆ, ಪೆನ್ನಿನಲ್ಲಿ ತೋರಿಸಿ' ಎಂದು ಮೊದಲೇ ಕೇಳಬಹುದು.

ಲೇಸರ್ ಎಂಬ ಶಬ್ದಕ್ಕೆ ಒಂದು ಮೆರುಗು ಉಂಟು. ಮೇಲ್ಪದರದ ಕಣಗಳಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನಿಜವಾದ ಮಚ್ಚೆಗೆ ಬೇಡ. ಬಣ್ಣ ಮಾಸುತ್ತದೆ, ಕೋಶ ಉಳಿಯುತ್ತದೆ, ಪರೀಕ್ಷೆಗೆ ತುಣುಕು ಸಿಗುವುದಿಲ್ಲ, ಬಿಲ್ಲು ಮಾತ್ರ ದೊಡ್ಡದು.

ಖರ್ಚು ಕೇಳುವಾಗ ನಾಲ್ಕು ಅಂಶ ಬಿಡಿಸಿ ಕೇಳಿ: ನೋಡುವ ಫೀಸು, ಒಂದು ಮಚ್ಚೆಗೆ ಎಷ್ಟು ಅಥವಾ ಒಂದು ಭೇಟಿಗೆ ಎಷ್ಟು, ತುಣುಕಿನ ಪರೀಕ್ಷೆಗೆ ಬೇರೆಯೇ, ಹೊಲಿಗೆ ಬಿಚ್ಚುವ ಭೇಟಿ ಅದರಲ್ಲೇ ಬಂತೇ? ದುಡ್ಡು ಬಿಗಿಯಿದ್ದರೆ ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇದೆ. ಮಣಿಪಾಲ, ಕಂಕನಾಡಿ, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮ ವಿಭಾಗವೂ ತುಣುಕು ನೋಡುವ ಲ್ಯಾಬೂ ಒಂದೇ ಆವರಣದಲ್ಲಿವೆ. ಬೆಳಿಗ್ಗೆ ಬೇಗ ಹೋಗಬೇಕು, ಸಾಲಿನಲ್ಲಿ ಕಾಯಬೇಕು, ಕಲಿಯುತ್ತಿರುವ ಡಾಕ್ಟರೂ ನೋಡುತ್ತಾರೆ. ಹೊತ್ತು ಹೋಗುತ್ತದೆ, ಖಾಸಗಿ ಕ್ಲಿನಿಕ್ಕಿನ ಬಿಲ್ಲಿಗೆ ಹೋಲಿಸಿದರೆ ದುಡ್ಡು ಉಳಿಯುತ್ತದೆ. ರಕ್ತ ತೆಳುವಾಗುವ ಮಾತ್ರೆ, ಹೃದಯದಲ್ಲಿ ಪೇಸ್‌ಮೇಕರ್, ಹಿಂದೆ ಗಂಟುಗಲೆ ಆದದ್ದು ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ.

ಯಾರಿಗೆ ಯಾವುದು

ಕುತ್ತಿಗೆಯಲ್ಲಿ ಹತ್ತಿಪ್ಪತ್ತು ತುಣುಕು, ಕರಿಮಣಿ ಎಳೆದು ನೋವು: ಒಂದೇ ಭೇಟಿಯಲ್ಲಿ ಕತ್ತರಿಸಿಸಿಕೊಳ್ಳಿ, ಸಕ್ಕರೆ ಪರೀಕ್ಷೆಯೂ ಆಗಲಿ. ಕೈಬೆರಳಿನ ನರಹುಲಿ, ಬಜೆಟ್ಟು ಕಡಿಮೆ: ಮೆಡಿಕಲಿನ ದ್ರಾವಣ, ಮೂರು ತಿಂಗಳ ತಾಳ್ಮೆ. ಮಗುವಿಗಾದರೆ ಬಿಟ್ಟರೂ ನಡೆಯುತ್ತದೆ. ಗಡ್ಡದ ಬ್ಲೇಡಿಗೆ ಸಿಗುವ ಉಬ್ಬು ಮಚ್ಚೆ: ಕೆರೆದು ತೆಗೆಯುವುದು, ತುಣುಕು ಪರೀಕ್ಷೆಗೆ. ಚಪ್ಪಟೆ, ಬದಲಾಗದ, ಬಟ್ಟೆಯಡಿಯ ಮಚ್ಚೆ: ಬಿಟ್ಟುಬಿಡಿ. ಎದೆ, ಹೆಗಲಿನದ್ದು, ಅಂದಕ್ಕಾಗಿ ಮಾತ್ರ ಎಂದಾದರೆ ಎರಡು ಸಲ ಯೋಚಿಸಿ, ಗಂಟುಗಲೆ ಮಚ್ಚೆಗಿಂತ ಎದ್ದು ಕಾಣುತ್ತದೆ.

ಮದುವೆಗೆ ತಿಂಗಳಿದ್ದಾಗ ಮುಖದಲ್ಲಿ ಏನೂ ಮಾಡಿಸಬೇಡಿ. ಕೆಂಪು, ಕಪ್ಪು ಇಳಿಯಲು ಕನಿಷ್ಠ ಮೂರು ತಿಂಗಳು ಬೇಕು. ಯಕ್ಷಗಾನದಲ್ಲಿ ಬಣ್ಣ ಹಚ್ಚುವವರು ಪತ್ತನಾಜೆ ಕಳೆದು, ಅಂದರೆ ಮೇಳದ ವರ್ಷದ ತಿರುಗಾಟ ಮುಗಿದ ಮೇಲೆ, ಮಾಡಿಸಿಕೊಳ್ಳುವುದು ಲೇಸು. ಹೊಸ ಗಾಯದ ಮೇಲೆ ರಾತ್ರಿಯಿಡೀ ಬಣ್ಣ, ಬೆಳಗಾದರೆ ಎಣ್ಣೆ ಹಾಕಿ ಉಜ್ಜಾಟ ಎರಡೂ ಆಗದು.

ಗಾಯಕ್ಕೆ ಅರಸಿನ ಮೆತ್ತಬೇಡಿ. ದಿನಕ್ಕೊಮ್ಮೆ ಸಾಬೂನು ನೀರಿನಿಂದ ತೊಳೆದು, ಒತ್ತಿ ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಹಚ್ಚಿ ಸಣ್ಣ ಪಟ್ಟಿ ಹಾಕುವುದು ಸಾಕು. ಒಣಗಿಸಿಟ್ಟ ಗಾಯಕ್ಕಿಂತ ಹಸಿಯಾಗಿ ಮುಚ್ಚಿಟ್ಟದ್ದು ಬೇಗ ಮಾಯುತ್ತದೆ. ಆದರೆ ಪಟ್ಟಿ ಬೆವರಿಗೆ ನೆಂದರೆ ಕೂಡಲೇ ಬದಲಿಸಿ. ಹಕ್ಕಳೆ ಕೀಳಬೇಡಿ. ಹೊಲಿಗೆ ಮುಖದಲ್ಲಿ ಐದರಿಂದ ಏಳು ದಿನಕ್ಕೆ, ಬೆನ್ನು, ಕೈಕಾಲಿನಲ್ಲಿ ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಸಮುದ್ರ, ಕೆರೆ, ಈಜುಕೊಳ ಬೇಡ. ಗಾಯ ಮುಚ್ಚಿದ ಮೇಲೆ ಮೂರು ತಿಂಗಳು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಮೋಡದ ದಿನವೂ. ಪರೀಕ್ಷೆಯ ವರದಿಯನ್ನು ಕೇಳಿ ಪಡೆದು ಫೈಲಿನಲ್ಲಿಡಿ.

ಈಗಾಗಲೇ ಏನಾದರೂ ಹಚ್ಚಿಯಾಗಿದ್ದರೆ

ಸುಣ್ಣ ಪುಡಿಯ ರೂಪದಲ್ಲಿದ್ದರೆ ಮೊದಲು ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಹರಿಯುವ ನಳ್ಳಿ ನೀರಿನಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಹಿಡಿಯಿರಿ. ಸೋಡಾ ಸೇರಿದ್ದರೆ ಇನ್ನೂ ಹೆಚ್ಚು ಹೊತ್ತು. ಲಿಂಬೆರಸ, ವಿನೆಗರ್ ಹಾಕಿ ಸರಿದೂಗಿಸಲು ಹೋದರೆ ಬಿಸಿ ಹುಟ್ಟಿ ಇನ್ನಷ್ಟು ಸುಡುತ್ತದೆ. ಕಣ್ಣಿಗೆ ಹಾರಿದ್ದರೆ ಮೊದಲು ತಡಮಾಡದೆ ನೀರಿನಲ್ಲಿ ತೊಳೆಯಿರಿ, ಆಮೇಲೆ ನೇರ ಆಸ್ಪತ್ರೆಗೆ. ಸುತ್ತ ಕೆಂಪು ಹರಡಿದರೆ, ಕೀವು, ಜ್ವರ ಬಂದರೆ, ಮೂರು ವಾರವಾದರೂ ಮಾಯದಿದ್ದರೆ ಕಾಯಬೇಡಿ.

ಮಾಯ್ದ ಕಲೆಯೊಳಗೆ ಕೆಲವು ತಿಂಗಳಲ್ಲಿ ಮತ್ತೆ ಕಪ್ಪು ಕಾಣಿಸಿಕೊಂಡರೆ ಅದು ಉಳಿದ ಕೋಶಗಳ ಕೆಲಸವಿರಬಹುದು, ಬೇರೆಯೂ ಇರಬಹುದು. ಕಣ್ಣಳತೆಯಲ್ಲಿ ಹೇಳಲು ಆಗದು. ತೊಡಕೆಂದರೆ, ಅರ್ಧ ತೆಗೆದು ಮತ್ತೆ ಬೆಳೆದ ಸಾದಾ ಮಚ್ಚೆ ಸೂಕ್ಷ್ಮದರ್ಶಕದಲ್ಲೂ ಮೆಲನೋಮದ ಹಾಗೆಯೇ ಕಾಣಬಲ್ಲದು. ಆದ್ದರಿಂದ ಡಾಕ್ಟರ ಮುಂದೆ ನಾಚಿಕೊಂಡು 'ತಾನಾಗಿ ಆದದ್ದು' ಎನ್ನಬೇಡಿ. ಏನು ಹಚ್ಚಿದ್ದು, ಯಾವ ತಿಂಗಳಲ್ಲಿ ಹಚ್ಚಿದ್ದು ಎಂದು ಹೇಳಿ, ತುಣುಕಿನ ಜೊತೆ ಲ್ಯಾಬಿಗೆ ಹೋಗುವ ಚೀಟಿಯಲ್ಲೂ ಅದನ್ನು ಬರೆಸಿ.